ಬೆಂಗಳೂರಲ್ಲಿ ವೀಕೆಂಡಿಗೆ ಎಲ್ಲಿಗೆ ಹೋಗಲಿ ಅಂತ ಕೇಳಿದವರಿಗೆ

ವೈಟ್‌ಫೀಲ್ಡಲ್ಲಿ ಪೀಜಿ, ಎರಡೂವರೆ ವರ್ಷ, ಆಫೀಸು ಬಿಟ್ಟರೆ ರೂಮು. ‘ಈ ಊರಲ್ಲಿ ನಮ್ಮದು ಅನ್ನೋಂಥದ್ದು ಏನಾದರೂ ಉಳಿದಿದ್ದರೆ ಶನಿವಾರ ಭಾನುವಾರ ನೋಡೋಕೆ ಒಂದು ಪಟ್ಟಿ ಕೊಡಿ, ಇಲ್ಲದಿದ್ದರೆ ಮೈಸೂರಿಗೆ ಹೋಗಿಬಿಡ್ತೀನಿ’ ಅಂದಿದ್ದೀರಿ. ಪಟ್ಟಿ ಕೊಡಲ್ಲ. ನನ್ನ ಹತ್ತಿರವೂ ಒಂದು ಇತ್ತು, ಅದರ ಕಥೆ ಹೇಳ್ತೀನಿ.

2010ರಲ್ಲಿ ತಿಪಟೂರಿಂದ ಬಂದು ಹನುಮಂತನಗರದಲ್ಲಿ ಮಹಡಿ ಮೇಲಿನ ರೂಮು ಹಿಡಿದಿದ್ದೆ. ಕೆಳಗೆ ಓನರ್ ಅಜ್ಜಿ ಒಬ್ಬರೇ. ಬೆಳಿಗ್ಗೆ 8:10ಕ್ಕೆ ರಾಮಕೃಷ್ಣ ಆಶ್ರಮದ ಹತ್ತಿರ ಕಂಪನಿ ಬಸ್ಸು, ಎಲೆಕ್ಟ್ರಾನಿಕ್ ಸಿಟಿಗೆ. ವಾಪಸ್ ಬರೋದು ರಾತ್ರಿ ಒಂಬತ್ತಕ್ಕೆ. ಲಾಲ್‌ಬಾಗ್, ರಂಗಶಂಕರದ ನಾಟಕ, ಚಾಮರಾಜಪೇಟೆಯ ರಾಮನವಮಿ ಕಛೇರಿ, ಧರ್ಮರಾಯಸ್ವಾಮಿ ಗುಡಿ ಕರಗ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಎಲ್ಲದರ ಮುಂದೆಯೂ ಒಂದೇ ಮಾತು: ಭಾನುವಾರ.

ಮೊದಲ ಕಾರ್ತಿಕದಲ್ಲೇ ಅಜ್ಜಿ ಕೇಳಿದರು, ‘ಪರಿಷೆಗೆ ಕರ್ಕೊಂಡು ಹೋಗ್ತೀಯೇನಪ್ಪ? ಮಂಡಿ ನೋವು, ಆ ಜನದಲ್ಲಿ ಒಬ್ಬಳೇ ರಸ್ತೆ ದಾಟೋಕಾಗಲ್ಲ.’ ದೊಡ್ಡ ಬಸವಣ್ಣನ ಗುಡಿ ನಮ್ಮನೆಯಿಂದ ನನ್ನ ಕಾಲಿಗೆ ಹತ್ತು ನಿಮಿಷ, ಅವರ ಕಾಲಿಗೆ ಇಪ್ಪತ್ತು. ‘ಭಾನುವಾರ ಹೋಗೋಣ ಅಜ್ಜಿ’ ಅಂದೆ. ‘ಪರಿಷೆ ಸೋಮವಾರ ಕಣೋ’ ಅಂದರು.

ಇಲ್ಲಿ ಸ್ವಲ್ಪ ನಿಲ್ತೀನಿ, ನಾನು ಎಡವಿದ್ದು ಇಲ್ಲೇ. ಕಡಲೆಕಾಯಿ ಪರಿಷೆ ಕಡೇ ಕಾರ್ತಿಕ ಸೋಮವಾರ. ಆದರೆ ಅಂಗಡಿಗಳು ಮುಂಚೆಯೇ ಬಂದಿರುತ್ತವೆ, ಬುಲ್ ಟೆಂಪಲ್ ರಸ್ತೆ ಉದ್ದಕ್ಕೂ ಹಸಿಯದು, ಹುರಿದದ್ದು, ಬೇಯಿಸಿದ್ದು ರಾಶಿ ರಾಶಿ, ಪಕ್ಕದಲ್ಲಿ ಬೆಂಡು ಬತ್ತಾಸು. ಹಾಗಾಗಿ ಭಾನುವಾರವಾದರೇನು, ಸೋಮವಾರವಾದರೇನು, ಕಡಲೆಕಾಯಿ ಅದೇ ತಾನೆ ಅಂತ ನನ್ನ ಲೆಕ್ಕ. ಅಜ್ಜಿಯ ಲೆಕ್ಕ ಬೇರೆ. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ ಎಲ್ಲ ಹೊಲವಾಗಿದ್ದ ಕಾಲದಲ್ಲಿ ಬಸವ ಬಂದು ಕಡಲೆಕಾಯಿ ಮೇಯ್ದುಬಿಡುತ್ತಿತ್ತಂತೆ, ರೈತರು ಮೊದಲ ಫಸಲು ನಿನಗೇ ಅಂತ ಹರಕೆ ಹೊತ್ತರಂತೆ. ಆ ಮೊದಲ ಹಿಡಿ ಸೋಮವಾರ ಅವನಿಗೆ ಸಲ್ಲಬೇಕು, ಆಮೇಲೆ ನಮ್ಮ ಬಾಯಿಗೆ. ಅದನ್ನು ಹಿಂದಿನ ದಿನವೇ ಮುಗಿಸೋಣ ಅನ್ನೋದು, ಹಬ್ಬದೂಟ ಹಬ್ಬದ ಹಿಂದಿನ ರಾತ್ರಿಯೇ ಉಂಡು ಮಲಗಿದ ಹಾಗೆ.

ಎರಡನೇ ವರ್ಷ ನಾನೇ ದೊಡ್ಡ ಬುದ್ಧಿವಂತ ಅಂದುಕೊಂಡು, ರಾತ್ರಿ ಬರುವಾಗ ಎರಡು ಸೇರು ಹುರಿದದ್ದು ತಂದು ಅವರ ಮುಂದಿಟ್ಟೆ. ಬೇಜಾರೇನೂ ಮಾಡಿಕೊಳ್ಳಲಿಲ್ಲ. ನಾಲ್ಕು ಸುಲಿದು ನನಗೇ ಕೊಟ್ಟು, ‘ಕಡ್ಲೆಕಾಯಿ ಅಂಗಡೀಲೂ ಸಿಗತ್ತೆ ಕಣಪ್ಪ’ ಅಂದರು. ಮೂರನೇ ವರ್ಷ ರಜೆ ಹಾಕಿದ್ದೆ. ಸೋಮವಾರ ರಿಲೀಸ್ ಅಂತ ಮ್ಯಾನೇಜರ್ ಅಂದಕೂಡಲೇ, ಅವರು ಕೇಳುವ ಮೊದಲೇ, ನಾನೇ ವಾಪಸ್ ತೆಗೆದುಕೊಂಡೆ. ಆ ಡಿಸೆಂಬರಿನಲ್ಲಿ ನನ್ನ ಹನ್ನೊಂದು ರಜೆ ಲ್ಯಾಪ್ಸ್ ಆಯಿತು. ಮುಂದಿನ ಮೇ ತಿಂಗಳಲ್ಲಿ ಮಗಳು ಬಂದು ಅಜ್ಜಿಯನ್ನು ಪುಣೆಗೆ ಕರೆದುಕೊಂಡು ಹೋದರು.

ಆ ವರ್ಷದ ಪರಿಷೆಗೆ ಇಡೀ ದಿನ ರಜೆ ಹಾಕಿದೆ, ಪ್ರಾಯಶ್ಚಿತ್ತ ಅನ್ನಿ. ಏಳಕ್ಕೆ ಮನೆ ಬಿಟ್ಟೆ. ಬಸವಣ್ಣನಿಗೆ ಒಂದು ಹಿಡಿ ಕೊಟ್ಟು, ಒಂದು ಸೇರು ಕಟ್ಟಿಸಿಕೊಂಡು ವಾಪಸ್ ಬಂದು ಗಡಿಯಾರ ನೋಡಿದರೆ ಏಳೂ ಮುಕ್ಕಾಲು. 8:10ರ ಬಸ್ಸು ಇನ್ನೂ ಹೋಗಿರಲಿಲ್ಲ! ಅಜ್ಜಿ ಮೂರು ವರ್ಷ ನನ್ನನ್ನು ಕೇಳಿದ್ದು ರಜೆಯನ್ನಲ್ಲ ಕಣ್ರೀ. ಅವರ ನಡಿಗೆಗೆ ಇನ್ನೊಂದು ಅರ್ಧ ಗಂಟೆ ಸೇರಿಸಿಕೊಳ್ಳಿ, ಆರೂವರೆಗೆ ಹೊರಟಿದ್ದರೆ ಸಾಕಿತ್ತು. ಪುಣೆಗೆ ಫೋನ್ ಮಾಡಿದೆ. ‘ಸೇರಿಗೆ ಎಷ್ಟು ಕೊಟ್ಟೆ?’ ಅಂದರು. ಹೇಳಿದೆ. ‘ಮೋಸ ಹೋಗಿದೀಯ’ ಅಂದರು.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ವೀಕೆಂಡು ಅನ್ನೋದನ್ನೇ ತಲೆಯಿಂದ ತೆಗೆದುಹಾಕಿ. ಈ ಊರು ಭಾನುವಾರಕ್ಕೆ ಕಾಯೋದಿಲ್ಲ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ ರಜೆ. ಕರಗ ಚೈತ್ರ ಹುಣ್ಣಿಮೆ ರಾತ್ರಿ ಹೊರಡುತ್ತೆ, ಅದು ಬುಧವಾರ ಬಿದ್ದರೆ ಬುಧವಾರವೇ. ರಂಗಶಂಕರಕ್ಕೆ ಸೋಮವಾರ ಬಿಡುವು, ಮಿಕ್ಕ ದಿನ ಹೋಗಿ. ಹೊತ್ತಿಗೆ ಸರಿಯಾಗಿ ಹೋಗಿ, ಆಟ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಲ್ಲ. ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಇನ್ನು ಭಾನುವಾರ ಸಂಜೆ ವಿ.ವಿ. ಪುರಂ ತಿಂಡಿ ಬೀದಿಗೆ ಹೋಗಿ ಬಂದವರು ತಿಂದದ್ದಕ್ಕಿಂತ ನೂಕಿಸಿಕೊಂಡದ್ದೇ ಹೆಚ್ಚು, ಹೊಟ್ಟೆ ತುಂಬಿತು ಅಂತ ಹೇಳಿದರೆ ನಂಬಬೇಡಿ.

‘ವೈಟ್‌ಫೀಲ್ಡಲ್ಲಿ ಏನಿದೆ’ ಅಂತೀರಿ. ಚಳಿಗಾಲದಲ್ಲಿ ತಳ್ಳುಗಾಡಿಯಲ್ಲಿ ಸೊಗಡಿನ ಅವರೆಕಾಯಿ ಬರುತ್ತಲ್ಲ, ಹೋಗಿ ಮೂಗಿಗೆ ಹಿಡಿದು ನೋಡಿ. ಬೆರಳಿಗೆ ಅಂಟಿದ ಸೊಗಡು ಮೀಟಿಂಗಿನಲ್ಲೂ ಬಿಡಬಾರದು, ಅಂಥದ್ದನ್ನು ಆರಿಸಿ. ಪೀಜಿಯಲ್ಲಿ ಅಡುಗೆ ಮಾಡುವವರ ಕೈಗೆ ಅರ್ಧ ಕೇಜಿ ಕೊಟ್ಟು ಉಪ್ಪಿಟ್ಟಿಗೆ ಹಾಕಿ ಅಂತ ಕೇಳಿ. ಹಿತಕಿದ ಬೇಳೆ ಸಾರು ಕೇಳಬೇಡಿ, ಅಷ್ಟನ್ನೂ ಹಿತಕುವವರು ಯಾರು? ಫೆಬ್ರವರಿ, ಮಾರ್ಚಿಗೆ ಗುಲಾಬಿ ಬಣ್ಣದ ಟಬೂಬಿಯ ಮರ ಮೈತುಂಬ ಹೂ ಬಿಡುತ್ತೆ, ಅದರ ಫೋಟೊ ಎಲ್ಲರೂ ಹಾಕ್ತಾರೆ. ನೀವು ಒಂದೇ ಮರ ಹಿಡಿದುಕೊಂಡು ದಿನಾ ಅದರ ಕೆಳಗೆ ಹಾದುಹೋಗಿ. ಅದು ಉದುರುವ ಹೊತ್ತಿಗೆ ಇನ್ನೊಂದು ಕಡೆ ಗುಲ್‌ಮೊಹರ್ ಕೆಂಪಾಗಿರುತ್ತೆ. ಒಂದಾದ ಮೇಲೊಂದು ಹೂವಾಗುವ ಹಾಗೆ ಈ ಊರಲ್ಲಿ ಮರ ನೆಡಿಸಿದ ಕೀರ್ತಿ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜರ್ಮನಿಯ ಕ್ರುಂಬಿಗಲ್ ಅವರದು. ಪುಣ್ಯಾತ್ಮ ಭಾನುವಾರ ಮಾತ್ರ ಅರಳಲಿ ಅಂತ ನೆಡಿಸಲಿಲ್ಲ.

ಮೈಸೂರಿಗೆ ಹೋಗೋದಾದರೆ ಹೋಗಿ, ನಾನು ತಡೆಯಲ್ಲ. ಆದರೆ ಅಲ್ಲೂ ಭಾನುವಾರವೇ ನೋಡ್ತೀನಿ ಅಂತ ಕೂತರೆ ಸಿಗೋದು ನಿದ್ದೆ ಮತ್ತು ಬಟ್ಟೆ ಒಗೆಯೋ ಕೆಲಸ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಈ ವಾರದಲ್ಲೇ ಒಂದು ದಿನ ಬೆಳಿಗ್ಗೆ ಬೇಗ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ನ್ಯಾಷನಲ್ ಕಾಲೇಜಿನಲ್ಲಿ ಇಳಿದು ಶಂಕರಪುರದ ಆ ಕಾಫಿ ಬಾರ್‌ಗೆ ನಡೀರಿ. ಆಫೀಸಿಗೆ ಒಂದು ಗಂಟೆ ತಡವಾಗುತ್ತೆ, ಆಗಲಿ. ಇಡ್ಲಿ ವಡೆ ತಗೊಂಡು ರಸ್ತೆ ಬದಿಯಲ್ಲಿ ಎಲ್ಲರ ಹಾಗೆ ನಿಂತುಕೊಂಡೇ ತಿನ್ನಿ. ಸಾಂಬಾರ್ ಕೇಳಬೇಡಿ, ಅಲ್ಲಿ ಇಲ್ಲ. ಚಟ್ನಿಯನ್ನು ಎಷ್ಟು ಸಲ ಬೇಕಾದರೂ ಹಾಕಿಸಿಕೊಳ್ಳಿ, ಅವರೇನೂ ಅಂದುಕೊಳ್ಳಲ್ಲ.