ಕಾರಿನ ಸ್ಪೀಡೋಮೀಟರ್ ಸೊನ್ನೆಯಲ್ಲೇ ಇದೆ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಲೈಟ್ ಉರಿಯುತ್ತಿದೆ, ಫೋನಿನ ಸ್ಕ್ಯಾನ್ ಆ್ಯಪ್‌ನಲ್ಲಿ ದೋಷದ ಕೋಡ್ ಇಲ್ಲ. ಹೊಸ ಮೀಟರ್ ಹಾಕಿಸಲಾ, ಗುಜರಿಯದ್ದು ಸಾಕಾ?

ಎರಡೂ ಬೇಡ. ಇದೇ ಲಕ್ಷಣ ನೋಡಿ ನಾನು ಚೆನ್ನಾಗಿದ್ದ ಮೀಟರ್ ಬಿಚ್ಚಿ ಗುಜರಿಯದ್ದು ಕೂರಿಸಿದ್ದೆ. ಓಡೋಮೀಟರ್ ಇನ್ಯಾರದೋ ಗಾಡಿಯ ಕಿಲೋಮೀಟರ್ ತೋರಿಸಿತು, ಮುಳ್ಳು ಮಾತ್ರ ಕದಲಲಿಲ್ಲ.

ಉತ್ತರ ನನ್ನ ಫೋನಿನಲ್ಲೇ ಇತ್ತು. ಓಬಿಡಿ ಡಾಂಗಲ್ (ಕಾರಿನ ಸ್ಕ್ಯಾನ್ ಸಾಕೆಟ್ಟಿಗೆ ಚುಚ್ಚಿ ಫೋನಿಗೆ ಮಾಹಿತಿ ಕಳಿಸುವ ಚಿಕ್ಕ ಸಾಧನ) ಹಾಕಿ ಓಡಿಸುವಾಗ ಆ್ಯಪ್ ಕೂಡ ವೇಗ 0 ಎನ್ನುತ್ತಿತ್ತು. ಆ ಅಂಕಿ ಕೊಡುವುದು ಮೀಟರ್ ಅಲ್ಲ, ಇಂಜಿನ್ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್. ಇಸಿಯುಗೇ ವೇಗ ಗೊತ್ತಿಲ್ಲ ಅಂದಮೇಲೆ ಮುಳ್ಳಿನ ತಪ್ಪೇನು? ಈಗಿನ ಬಹುತೇಕ ಕಾರುಗಳಲ್ಲಿ ಚಕ್ರದ ಸೆನ್ಸರ್‌ಗಳು ಎಬಿಎಸ್ ಮಾಡ್ಯೂಲಿಗೆ (ಎಬಿಎಸ್‌ನ ಕಂಪ್ಯೂಟರಿಗೆ) ವೇಗ ಹೇಳುತ್ತವೆ, ಅದು ಕ್ಯಾನ್ ತಂತಿಯ (ಮಾಡ್ಯೂಲ್‌ಗಳು ಪರಸ್ಪರ ಮಾತಾಡುವ ಜೋಡಿ ತಂತಿ) ಮೇಲೆ ಇಸಿಯುಗೂ ಮೀಟರಿಗೂ ಸಾರುತ್ತದೆ. ನಾನು ನಂಬಿದ್ದು ‘ಕೋಡ್ ಇಲ್ಲ’ ಅನ್ನುವ ಸಾಲನ್ನು. ಅಂಥ ಆ್ಯಪ್ ಸಾಮಾನ್ಯವಾಗಿ ಕೇಳುವುದು ಹೊಗೆಗೆ ಸಂಬಂಧಪಟ್ಟ ಕೋಡ್ ಮಾತ್ರ, ಎಬಿಎಸ್ ಕಡೆ ತಲೆಯೇ ಹಾಕುವುದಿಲ್ಲ.

ಎಲ್ಲ ಮಾಡ್ಯೂಲ್ ಓದುವ ಸ್ಕ್ಯಾನರ್ ಇರುವ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಅಳಿಸುವ ಮೊದಲು ಕೋಡ್ ಬರೆದಿಟ್ಟುಕೊಳ್ಳಿ. ಯು0121 ಬಂದರೆ ಎಬಿಎಸ್ ಮಾಡ್ಯೂಲ್ ಮಾತು ನಿಲ್ಲಿಸಿದೆ. ಸಿ0035 ಬಂದರೆ ಮುಂದಿನ ಎಡ ಚಕ್ರದ ಸೆನ್ಸರ್ ಸರ್ಕ್ಯೂಟ್. ಇತ್ತೀಚೆಗೆ ವೀಲ್ ಬೇರಿಂಗ್ ಬದಲಾಗಿದ್ದರೆ ಮೊದಲು ಅದನ್ನೇ ಅನುಮಾನಿಸಿ: ಸೀಲಿನಲ್ಲಿ ಅಯಸ್ಕಾಂತದ ಪಟ್ಟಿ ಇರುವ ಬೇರಿಂಗನ್ನು ತಿರುಗಾಮುರುಗಾ ಕೂರಿಸಿದರೆ ಸೆನ್ಸರಿಗೆ ಏನೂ ಕಾಣುವುದಿಲ್ಲ. ಸ್ಕ್ಯಾನರಿನಿಂದಲೇ ಮುಳ್ಳು ಏರಿಸುವ ಟೆಸ್ಟ್ ಇದ್ದರೆ ಮಾಡಿಸಿ. ಮುಳ್ಳು ಎದ್ದರೆ ಮೀಟರ್ ಸರಿ ಇದೆ, ಅದರ ಮಾತು ಮುಗಿಯಿತು.

ಯು0121 ಇದ್ದರೆ ಬ್ಯಾಟರಿ ಮೈನಸ್ ಕಳಚಿ ಐದು ನಿಮಿಷ ಬಿಟ್ಟು, ಓಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ (ಕ್ಯಾನ್ ಜೋಡಿ ತಂತಿ ಬರುವ ಪಿನ್‌ಗಳು) ನಡುವೆ ಮಲ್ಟಿಮೀಟರಿನಲ್ಲಿ ಓಮ್ (ವಿದ್ಯುತ್ ತಡೆ) ಅಳೆಯಿರಿ. 60ರ ಆಸುಪಾಸು ಸರಿ. 120 ಅಂದರೆ ತಂತಿಯ ಒಂದು ತುದಿ ಕಡಿದಿದೆ, ಸೊನ್ನೆಯ ಹತ್ತಿರ ಅಂದರೆ ಶಾರ್ಟ್. ಗೇಟ್‌ವೇ (ಸಾಕೆಟ್ಟಿಗೂ ಒಳಗಿನ ತಂತಿಗಳಿಗೂ ನಡುವೆ ನಿಲ್ಲುವ ಮಾಡ್ಯೂಲ್) ಇರುವ ಕಾರಿನಲ್ಲಿ ಈ ಲೆಕ್ಕ ಅಲ್ಲಿಯವರೆಗಷ್ಟೇ. 60 ಬಂತೆಂದು ಎಬಿಎಸ್ ಕಡೆಯ ಕವಲು ಸರಿ ಇದೆ ಅಂತಲೂ ಅಲ್ಲ.

ಆಮೇಲೆ ಎಬಿಎಸ್ ಫ್ಯೂಸ್, ಮಾಡ್ಯೂಲಿಗೆ ತಂತಿಗಳು ಸೇರುವ ಕಪ್ಲರ್. ಕಪ್ಲರ್ ಕಳಚಿ, ಬ್ಯಾಟರಿ ಮತ್ತೆ ಜೋಡಿಸಿ, ತಂತಿಯ ಕಡೆಯ ಕಪ್ಲರಿನ ಪ್ಲಸ್ ಮತ್ತು ಅರ್ತ್ ಪಿನ್ ನಡುವೆ 21 ವ್ಯಾಟ್ ಬಲ್ಬ್ ಹಚ್ಚಿ ನೋಡಿ. ಮಲ್ಟಿಮೀಟರ್ ಇಲ್ಲಿ ಮೋಸ ಮಾಡುತ್ತದೆ: ಒಂದೇ ಎಳೆ ಉಳಿದ ತಂತಿಯೂ 12 ವೋಲ್ಟ್ ತೋರಿಸುತ್ತದೆ, ಬಲ್ಬ್ ಮಾತ್ರ ಮಂಕಾಗುತ್ತದೆ. ದಪ್ಪ ಪ್ರೋಬ್ ತುರುಕಿ ಪಿನ್ ಅಗಲಿಸಬೇಡಿ. ನನ್ನ ಗಾಡಿಯಲ್ಲಿ ಅರ್ತ್ ಪಿನ್ ಪೂರ್ತಿ ಹಸಿರು ಕಿಲುಬು.

ರಿಪೇರಿ ಆದಮೇಲೆ ಕೋಡ್ ಅಳಿಸಿ ಸ್ವಲ್ಪ ದೂರ ಓಡಿಸಿ. ಕೆಲವು ಕಾರುಗಳಲ್ಲಿ ಚಕ್ರ ತಿರುಗಿ ಸಿಗ್ನಲ್ ಕಂಡಮೇಲೆಯೇ ಎಬಿಎಸ್ ಲೈಟ್ ಆರುವುದು.