ಇಬ್ಬರು ಚೆನ್ನಮ್ಮಂದಿರು, ಒಂದೇ ಕುದುರೆ

ಓದುಗರ ಪತ್ರ: ಮಾನ್ಯ ಸಂಪಾದಕರೇ, ನಾನು ಸಾಗರದವಳು, ನಿವೃತ್ತ ಶಿಕ್ಷಕಿ. ಕೆಳದಿ ನಮಗೆ ಪಕ್ಕದ ಊರು. ನಾಲ್ಕನೆಯ ತರಗತಿಯಲ್ಲಿರುವ ಮೊಮ್ಮಗಳು ಭಾಷಣ ಸ್ಪರ್ಧೆಗೆ ಬರೆದುಕೊಂಡ ಹಾಳೆಯಲ್ಲಿ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿಯ ಚೆನ್ನಮ್ಮನೇ ಕಿತ್ತೂರಿನಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯನ್ನೂ ಸೋಲಿಸಿದ್ದಾಳೆ. ಆ ಭಾಷಣಕ್ಕೆ ಬಹುಮಾನವೂ ಬಂತು! ಇಬ್ಬರನ್ನೂ ಒಟ್ಟಿಗೆ ಇಟ್ಟು, ಬೇರೆ ಬೇರೆಯಾಗಿ ತೋರಿಸುವ ಪುಸ್ತಕವೊಂದು ಮಕ್ಕಳಿಗೆ ಬೇಡವೇ?

ಸಂಪಾದಕರ ಉತ್ತರ: ಬೇಕು ತಾಯಿ, ಖಂಡಿತ ಬೇಕು. ನಿಮ್ಮ ಪತ್ರ ಓದಿದ ಮೇಲೆ ಕಚೇರಿಯ ಕಪಾಟಿನಿಂದ ಮಕ್ಕಳ ಎರಡು ತೆಳು ಪುಸ್ತಕಗಳನ್ನು ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಒಂದು ಕೆಳದಿಯದು, ಇನ್ನೊಂದು ಕಿತ್ತೂರಿನದು. ಎರಡರ ಮುಖಪುಟದಲ್ಲೂ ಮುಂಗಾಲೆತ್ತಿದ ಬಿಳಿ ಕುದುರೆ, ಹಿರಿದ ಕತ್ತಿ, ಕಚ್ಚೆ ಹಾಕಿದ ಹಸಿರು ಸೀರೆ, ಹಣೆಯ ಮೇಲೆ ವಿಭೂತಿ. ಊರಿನ ಹೆಸರನ್ನು ಬೆರಳಿನಿಂದ ಮುಚ್ಚಿದರೆ ಯಾರು ಯಾರೆಂದು ನನಗೂ ಹೇಳಲಾಗಲಿಲ್ಲ. ನಿಮ್ಮ ಮೊಮ್ಮಗಳದು ಏನೂ ತಪ್ಪಿಲ್ಲ.

ಕೆಳದಿಯ ಚೆನ್ನಮ್ಮ ಕಣ್ಮುಚ್ಚಿ ಸುಮಾರು ಎಂಬತ್ತು ವರ್ಷ ಕಳೆದ ಮೇಲೆ, 1778ರಲ್ಲಿ, ಕಿತ್ತೂರಿನ ಚೆನ್ನಮ್ಮ ಕಾಕತಿಯಲ್ಲಿ ಹುಟ್ಟಿದಳು. ಹೆಸರು ಒಂದೇ ಆದದ್ದರಲ್ಲಿ ಆಶ್ಚರ್ಯವಿಲ್ಲ. ಚೆನ್ನಮಲ್ಲಿಕಾರ್ಜುನನನ್ನು, ಚೆನ್ನಬಸವಣ್ಣನನ್ನು ನೆನೆಯುವ ಮನೆಗಳಲ್ಲಿ ಚೆನ್ನಮ್ಮ ಎಂಬುದು ಅಜ್ಜಿಯಿಂದ ಮೊಮ್ಮಗಳಿಗೆ ಇಳಿದುಬರುವ ಹೆಸರು. ಕಥೆಗಳು ಬೆರೆತದ್ದಕ್ಕೆ ಇನ್ನೊಂದು ಕಾರಣವಿದೆ: ಇಬ್ಬರೂ ಗಂಡನನ್ನು ಕಳೆದುಕೊಂಡವರು, ಇಬ್ಬರ ಬದುಕಿನಲ್ಲೂ ದತ್ತುಮಗನಿದ್ದಾನೆ.

ನೀವು ಕೇಳುವ ಪುಸ್ತಕ ಈ ದತ್ತಿನಿಂದಲೇ ಶುರುವಾಗಬೇಕು ಎಂದು ನನ್ನ ಅನಿಸಿಕೆ. ಗಂಡ ಸೋಮಶೇಖರ ನಾಯಕನ ನಂತರ ಪಟ್ಟವೇರಿದ ಕೆಳದಿಯ ರಾಣಿ ದತ್ತು ತೆಗೆದುಕೊಂಡ ಬಸವಪ್ಪ ನಾಯಕ ಅವಳ ತರುವಾಯ ರಾಜ್ಯವಾಳಿದ. ಅಷ್ಟೇ ಅಲ್ಲ, ಸಂಸ್ಕೃತದಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ವಿಶ್ವಕೋಶವನ್ನೇ ಬರೆದ. ಕಿತ್ತೂರಿನಲ್ಲಿ 1824ರ ಸೆಪ್ಟೆಂಬರಿನಲ್ಲಿ ಚೆನ್ನಮ್ಮನ ಮಲಮಗ, ಸಂಸ್ಥಾನದ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗಲೂ ಒಬ್ಬ ಹುಡುಗನ ದತ್ತು ನಡೆಯಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಒಪ್ಪಲಿಲ್ಲ, ಖಜಾನೆಗೆ ಮುದ್ರೆ ಹಾಕಿಸಿದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಅವನೇ ಹತನಾದ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಪ್ರಾಣ ಬಿಟ್ಟಳು. ಒಂದು ದತ್ತಿನಿಂದ ಮನೆತನ ಉಳಿಯಿತು. ಇನ್ನೊಂದನ್ನು ನೆಪ ಮಾಡಿ ಕಂಪನಿ ಸಂಸ್ಥಾನವನ್ನೇ ನುಂಗಿತು. ನಡುವಿನ ನೂರೈವತ್ತು ವರ್ಷಗಳಲ್ಲಿ ಈ ನೆಲದಲ್ಲಿ ಏನು ಬದಲಾಯಿತು ಎಂಬುದನ್ನು ಮಗುವಿಗೆ ಇದಕ್ಕಿಂತ ಸರಳವಾಗಿ ಹೇಳುವ ದಾರಿ ನನಗೆ ಕಾಣುವುದಿಲ್ಲ. (ಕಿತ್ತೂರಿನ ಹೋರಾಟ, ದತ್ತುಮಗನಿಗೆ ರಾಜ್ಯದ ಹಕ್ಕಿಲ್ಲವೆನ್ನುವ ಡಾಲ್‌ಹೌಸಿಯ ಕಾನೂನಿನ ವಿರುದ್ಧ ಎಂದು ಬರೆಯುವವರು ಈಗಲೂ ಇದ್ದಾರೆ. ಆತ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ.)

ನನ್ನನ್ನು ನಿಜಕ್ಕೂ ನೋಯಿಸುವುದು ಕೆಳದಿಯ ರಾಣಿಗೆ ಆಗಿರುವ ಅನ್ಯಾಯ. ಕಿತ್ತೂರಿನ ರಾಣಿಗೆ 1961ರ ಚಲನಚಿತ್ರದಲ್ಲಿ ಬಿ. ಸರೋಜಾದೇವಿಯವರ ಮುಖ ಸಿಕ್ಕಿತು, ಲಾವಣಿಗಳಿವೆ, ಅವಳ ಹೆಸರಿನ ರೈಲಿದೆ, ವಿಶ್ವವಿದ್ಯಾಲಯವಿದೆ. ಅದೆಲ್ಲ ಅವಳಿಗೆ ಸಲ್ಲಬೇಕಾದದ್ದೇ. ಆದರೆ ಸುಮಾರು ಇಪ್ಪತ್ತೈದು ವರ್ಷ ರಾಜ್ಯವಾಳಿದ ಹೆಂಗಸಿನ ಬದುಕು ನಮ್ಮ ಪುಸ್ತಕಗಳಲ್ಲಿ ರಾಜಾರಾಮನ ಪ್ರಸಂಗವೊಂದಕ್ಕೇ ಇಳಿದುಹೋಗಿದೆ. ಆ ಪ್ರಸಂಗ ಸಣ್ಣದಲ್ಲ, ಒಪ್ಪುತ್ತೇನೆ. 1689ರಲ್ಲಿ ಔರಂಗಜೇಬ ಸಂಭಾಜಿಯನ್ನು ಕೊಲ್ಲಿಸಿದ ಮೇಲೆ, ಜಿಂಜಿಯತ್ತ ತಪ್ಪಿಸಿಕೊಂಡು ಹೋಗುತ್ತಿದ್ದ ಅವನ ತಮ್ಮನನ್ನು ಬಿಟ್ಟುಕೊಡದಿರಲು ಎಂಟೆದೆ ಬೇಕಿತ್ತು. ಆದರೆ ಅದಕ್ಕೂ ಮೊದಲು, ಬಿಜಾಪುರದ ಸೇನೆ ರಾಜಧಾನಿ ಬಿದನೂರಿಗೆ ಬಂದಾಗ ಬೊಕ್ಕಸದೊಂದಿಗೆ ಭುವನಗಿರಿ ದುರ್ಗಕ್ಕೆ ಸರಿದು ರಾಜ್ಯ ಉಳಿಸಿಕೊಂಡವಳೂ ಇವಳೇ. ಕರಾವಳಿಯ ಮೆಣಸು, ಅಕ್ಕಿಯ ವ್ಯಾಪಾರಕ್ಕಾಗಿ ಪೋರ್ಚುಗೀಸರೊಂದಿಗೆ ಒಪ್ಪಂದ ಮಾಡಿಕೊಂಡವಳೂ ಇವಳೇ. ಕುದುರೆಯಿಂದ ಇಳಿದು, ಲೆಕ್ಕದ ಕಡತದ ಮುಂದೆ ಕುಳಿತ ಚೆನ್ನಮ್ಮನ ಚಿತ್ರವನ್ನು ನಮ್ಮ ಕಲಾವಿದರೊಬ್ಬರು ಬರೆಯಬಾರದೇ?

ಮೊಮ್ಮಗಳ ಬಹುಮಾನದ ವಿಷಯ ಎತ್ತಿ ಅವಳ ಮನಸ್ಸು ನೋಯಿಸಬೇಡಿ. ಒಂದು ಭಾನುವಾರ ಕೆಳದಿಗೆ ಕರೆದುಕೊಂಡು ಹೋಗಿ. ರಾಮೇಶ್ವರ ಗುಡಿಯ ಒಳಮಾಳಿಗೆಯಲ್ಲಿ ಕೆತ್ತಿರುವ ಗಂಡಭೇರುಂಡವನ್ನು ಕತ್ತೆತ್ತಿ ನೋಡಲಿ, ವಸ್ತುಸಂಗ್ರಹಾಲಯವನ್ನೂ ತೋರಿಸಿ. ರಜೆಯಲ್ಲಿ ಸಾಧ್ಯವಾದರೆ ಕಿತ್ತೂರಿಗೂ ಹೋಗಿ ಬನ್ನಿ. ಅಲ್ಲಿ ಪಾಳುಬಿದ್ದ ಅರಮನೆಯ ಗೋಡೆಯಲ್ಲಿ ಧ್ರುವನಕ್ಷತ್ರ ನೋಡಲೆಂದು ಬಿಟ್ಟ ದುಂಡನೆಯ ಕಿಂಡಿಯಿದೆ. ಎರಡು ಊರುಗಳನ್ನು ಕಣ್ಣಾರೆ ಕಂಡ ಮಗು ಇಬ್ಬರು ರಾಣಿಯರನ್ನು ಮತ್ತೆ ಬೆರೆಸುವುದಿಲ್ಲ.

ಇನ್ನು ಪುಸ್ತಕದ ಮಾತು. ಅದನ್ನು ನೀವೇ ಏಕೆ ಆರಂಭಿಸಬಾರದು? ಕಿತ್ತೂರು ಉತ್ಸವಕ್ಕೆಂದು ತರುವ ಅಕ್ಟೋಬರ್ ಸಂಚಿಕೆಯಲ್ಲಿ ಈ ಸಲ ಕೆಳದಿಯ ಚೆನ್ನಮ್ಮನಿಗೂ ಮಕ್ಕಳ ವಿಭಾಗದ ನಾಲ್ಕು ಪುಟಗಳನ್ನು ಕಾದಿರಿಸಿದ್ದೇನೆ. ಸೆಪ್ಟೆಂಬರ್ 15ರೊಳಗೆ ಬರಹ ನಮ್ಮ ಕೈಸೇರಲಿ. ಚಿತ್ರವನ್ನು ಮೊಮ್ಮಗಳೇ ಬರೆದುಕೊಟ್ಟರೆ ಇನ್ನೂ ಸಂತೋಷ.