ರಾತ್ರಿ ಸರ್ವರ್ ನಿಲ್ಲಿಸಿದರೆ ಬಿಲ್ ಪೂರ್ತಿ ನಿಲ್ಲುತ್ತಾ?

ಕೋಲಾರ ಎಪಿಎಂಸಿಯ ಟೊಮೆಟೊ ದರ ತೋರಿಸುವ ಸೈಟಿಗೆ ಅಮೆಜಾನ್ ಬಾಡಿಗೆಗೆ ಕೊಡುವ ಇಸಿ2 ಸರ್ವರ್ ಇಟ್ಟಿದ್ದೀರಿ. ರಾತ್ರಿ ಅದನ್ನು ಪೈಥಾನ್‌ನಿಂದ ನಿಲ್ಲಿಸಿದರೆ ಬಿಲ್ ನಿಲ್ಲುತ್ತಾ ಅಂತ ಕೇಳಿದ್ದೀರಿ. ಪೂರ್ತಿ ನಿಲ್ಲಲ್ಲ, ಆದರೆ ಇಳಿಯುತ್ತದೆ.

ಅಮೆಜಾನ್ ಸೇವೆಗಳನ್ನು ಪೈಥಾನ್‌ನಿಂದ ನಡೆಸುವ ಬೋಟೋ3 ಲೈಬ್ರರಿಯ ‘ಸ್ಟಾಪ್ ಇನ್‌ಸ್ಟನ್ಸಸ್’ ಕರೆದರೆ ಸರ್ವರ್ ಓಡುವ ಹೊತ್ತಿನ ಬಾಡಿಗೆ ನಿಲ್ಲುತ್ತದೆ. ಡಿಸ್ಕ್ ನಿಮ್ಮ ಹೆಸರಲ್ಲೇ ಇರುತ್ತಲ್ವಾ, ಅದರ ಬಾಡಿಗೆ, ಅಂದರೆ ಇಬಿಎಸ್ ದುಡ್ಡು, ಬೀಳುತ್ತಲೇ ಇರುತ್ತದೆ. ಎಲಾಸ್ಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಇದ್ದರೆ ಅದಕ್ಕೂ ಗಂಟೆಗೆ 0.005 ಡಾಲರ್, ಸರ್ವರ್ ಓಡಲಿ ಬಿಡಲಿ. ಆ ಐಪಿ ಇಲ್ಲದಿದ್ದರೆ ಬೆಳಿಗ್ಗೆ ಶುರು ಮಾಡಿದಾಗ ಪಬ್ಲಿಕ್ ಐಪಿ ಬದಲಾಗಿರುತ್ತದೆ, ಹಳೇ ವಿಳಾಸಕ್ಕೆ ಸೈಟ್ ತೆರೆಯಲ್ಲ. ಹರಾಜಿನ ಹೊತ್ತಿಗೆ ಮಂಡಿಯವರು ಫೋನ್ ಮಾಡಿ ಬೈಯೋದಕ್ಕಿಂತ ಆ ದುಡ್ಡು ಕೊಡೋದೇ ವಾಸಿ.

‘ಟರ್ಮಿನೇಟ್ ಇನ್‌ಸ್ಟನ್ಸಸ್’ ಹತ್ತಿರ ಸುಮ್ನೆ ಹೋಗಬೇಡಿ. ಅದು ಸರ್ವರನ್ನೇ ಅಳಿಸುತ್ತದೆ, ಸಿಸ್ಟಂ ಇರುವ ರೂಟ್ ಡಿಸ್ಕ್ ಕೂಡ ಸಾಮಾನ್ಯವಾಗಿ ಜೊತೆಗೇ ಹೋಗುತ್ತದೆ.

‘ಸ್ಟಾರ್ಟ್ ಇನ್‌ಸ್ಟನ್ಸಸ್’ ಉತ್ತರ ಕೊಟ್ಟ ಮಾತ್ರಕ್ಕೆ ಸರ್ವರ್ ಎದ್ದಿತು ಅಂತಲ್ಲ. ಸ್ಥಿತಿ ಇನ್ನೂ ‘ಪೆಂಡಿಂಗ್’ ಇರುತ್ತದೆ. ‘ಇನ್‌ಸ್ಟನ್ಸ್ ಸ್ಟೇಟಸ್ ಓಕೆ’ ವೇಟರ್ (ಸರ್ವರ್ ಸಿದ್ಧವಾಗುವವರೆಗೆ ಕಾಯುವ ಕೋಡ್) ಹಾಕಿ. ಅದು 15 ಸೆಕೆಂಡಿಗೊಮ್ಮೆ ವಿಚಾರಿಸುತ್ತದೆ, 40 ಸಲದವರೆಗೆ.

ಎಬ್ಬಿಸುವ ಸ್ಕ್ರಿಪ್ಟನ್ನು ಅದೇ ಸರ್ವರ್‌ನಲ್ಲಿ ಇಡಬೇಡಿ. ಮಲಗಿದವನು ತನ್ನನ್ನು ತಾನೇ ಎಬ್ಬಿಸ್ತಾನಾ? ನಿಮ್ಮ ಸರ್ವರ್ ಇಲ್ಲದೆಯೇ ಕೋಡ್ ಓಡಿಸುವ ಅಮೆಜಾನ್ ಸೇವೆ ಲ್ಯಾಂಬ್ಡಾದಲ್ಲಿಟ್ಟು, ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ಈವೆಂಟ್‌ಬ್ರಿಡ್ಜ್ ರೂಲ್‌ನಿಂದ ಓಡಿಸಿ. ಆ ರೂಲ್‌ನ ಗಡಿಯಾರ ಯುಟಿಸಿಯದು, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ನಮ್ಮ ಬೆಳಿಗ್ಗೆ 5 ಗಂಟೆಗೆ ಬೇಕಂದ್ರೆ 23:30 ಅಂತ ಬರೆಯಬೇಕು.